ಅಡವಯ್ಯಜ್ಜಾರು ಕಾಯಿಸಿದ ಪಂಕ್ತಿ

ಬ್ಯಾರೆ ಮಠದ ಅಜ್ಜಾರ್ನ ನೋಡಬೇಕಂದ್ರ ಮೊದಲ ಶಿಷ್ಯಾರ್ನ ನೋಡಬೇಕು. ಅವರ ಮನಸ್ಸು ಕರಗಿದ್ರ ಒಳಗ ಬಿಡ್ತಾರ, ಇಲ್ಲಂದ್ರ ಹೊರಗ ಕುಂತು ಜಗಲಿ ಕಲ್ಲು ಕಾಯಿಸಬೇಕು. ಬೇವಿನಗಟ್ಟಿ ಅಡವಯ್ಯಜ್ಜಾರ್ನ ನೋಡಾಕ ಹಂಗೇನಿರಲಿಲ್ಲ. ಅಡಗಿಮನಿ ಕಡೆ ಹೋದ್ರ ಸಾಕು, ಹೊಗಿಯೊಳಗ ಕಣ್ಣು ಒರಸ್ಕೋತ, ಸೌಟು ಹಿಡಕೊಂಡು ನಿಂತಿರ್ತಿದ್ರು. ಮೈಮ್ಯಾಲ ಒಂದು ಕಾವಿ ತುಂಡು, ಅದಕ್ಕೂ ಸಾರಿನ ಕಲಿ. ಗದ್ದಿಗಿ ಮ್ಯಾಲ ಕುಂತು ಪಾದ ಮುಂದ ಚಾಚಿದ್ದು ಯಾರೂ ಕಂಡವರಿಲ್ಲ. ಮಾತೂ ಅಡಗಿಗೆ ಉಪ್ಪು ಹಾಕಿದಷ್ಟ. ಅಂಥಾ ಪುಣ್ಯಾತ್ಮರು ಬಂದವರಿಗೆ ತಾವ ಎಲಿ ಹಾಕಿ, ತಾವ ಬಡಿಸಿ, ಎಲ್ಲಾರೂ ಎದ್ದ ಮ್ಯಾಲ ಕಡಿಗೆ ತಾವು ಉಣತಿದ್ರು.

ಯುಗಾದಿ ಹತ್ರ ಬಂತಂದ್ರ ಆ ಹಾದಿ ತುಂಬ ಮಲ್ಲಯ್ಯನ ಭಕ್ತರು. ಶ್ರೀಶೈಲಕ್ಕ ನಡಕೊಂಡು ಹೋಗೋರಿಗೆ ಮಧ್ಯಾನ್ನದ ಊಟ ಬೇವಿನಗಟ್ಟಿ ಮಠದಾಗ. ಒಂದು ವರ್ಷ ಆ ಮಂದಿಯೊಳಗ ಸಂಗಾಪುರದ ರಾಚವ್ವನೂ ಬಂದ್ಲು.

ರಾಚವ್ವಗ ಅರವತ್ತು ದಾಟಿತ್ತು. ಆಕಿ ಗಂಡ ಸೋಮಲಿಂಗಪ್ಪ ವರ್ಷಾ ವರ್ಷಾ ಗಂಡಸರ ಗುಂಪಿನ ಜೋಡಿ ಶ್ರೀಶೈಲಕ್ಕ ಹೋಗಿ ಬರ್ತಿದ್ದ. ರೊಟ್ಟಿ ಬಡದು, ಶೇಂಗಾ ಹಿಂಡಿ ಕುಟ್ಟಿ ಬುತ್ತಿ ಕಟ್ಟೂದು ಈಕಿ ಪಾಲು. ಹೊಳ್ಳಿ ಬಂದಾವ ಅಂಗೈಯಾಗ ಚಿಟಿಕಿ ಪ್ರಸಾದ ಹಾಕಿ, "ಮಲ್ಲಯ್ಯ ಆರಾಮದಾನ" ಅಂತಿದ್ದ, ಬೀಗರ ಮನಿಗೆ ಹೋಗಿ ಬಂದಾವ್ರಂಗ. ಅಷ್ಟ. ಹ್ವಾದ ಶ್ರಾವಣದಾಗ ಸೋಮಲಿಂಗಪ್ಪ ತೀರಿಕೊಂಡ. ಈ ಮಲ್ಲಯ್ಯನ್ನ ಒಮ್ಮೆ ನಾನ ಕಣ್ಣಿಲೆ ನೋಡಿಬಿಡಬೇಕು ಅಂತ ರಾಚವ್ವನ ತಲ್ಯಾಗ ಹೊಕ್ತು.

ಮೈದುನ ಬಸಲಿಂಗ ಹೌಹಾರಿದ. "ಒಬ್ಬಾಕೇ? ವೈನಿ, ಮಂದಿ ನಮ್ಮ ಮಾರಿಗೆ ಉಗುಳಿದ್ರ ಒರಸಾಕ ನೀ ಬರ್ತಿಯೇನು? ಹೋಗಿದ್ದು ನನ್ನ ಕಿವಿಗೆ ಬಿತ್ತಂದ್ರ ಅಲ್ಲಿಗೇ ಬಂದು ಎಳಕೊಂಡು ಬರ್ತೇನಿ ನೋಡು."

ಆಕಿ ತಂಗಿ ಊರಿಗೆ ಹೋಗಿ ಬರ್ತೇನಿ ಅಂತ ಹೇಳಿ ಬಸ್ಸು ಹತ್ತಿದ್ಲು.

ಹತ್ತಿದ್ದೇನೋ ಖರೆ, ಕುಂತ ಮ್ಯಾಲ ಗೊತ್ತಾತು. ಬಾಜೂಕಿನಾಕಿ, "ಒಬ್ಬಾಕೇ ಹೊಂಟೀಯೇನಬೇ? ಮಕ್ಕಳಿಲ್ಲೇನು? ಜಗಳ ಮಾಡ್ಕೊಂಡು ಬಂದಿಯೇನು?" ಅಂತ ಕೆದರಾಕ ಹತ್ತಿದ್ಲು. ಹಿಂದಿನ ಸೀಟಿನ ಒಬ್ಬ ಮೀಸಿ ಬೆಳ್ಳಗಾದಾವ, "ಜೋಡಿ ಇಲ್ಲಂದ್ರ ನಾವು ಬರ್ತೀವಲ್ಲ" ಅಂತ ಹಲ್ಲು ಕಿಸದ. ರಾಚವ್ವ ಮುಂದಿನ ಊರಾಗ ಇಳದುಬಿಟ್ಲು. ನಿಲ್ದಾಣದಾಗ ಬಳಿಗಾರನ ಅಂಗಡಿ ಇತ್ತು. ಎರಡೂ ಕೈ ತುಂಬ ಹಸರ ಬಳಿ ಇಡಿಸ್ಕೊಂಡ್ಲು, ಹಣಿಮ್ಯಾಲ ವಿಭೂತಿ ಕೆಳಗ ಕುಂಕುಮ ಹಚ್ಕೊಂಡ್ಲು. ಇನ್ನೊಂದು ಬಸ್ಸು ಬಂದ ಕೂಡಲೆ ಬಾಜೂಕ ಚೀಲ ಇಟ್ಟು, "ಜನ ಅದಾರ್ರಿ. ನಮ್ಮ ಮನಿಯಾರು ಚಾ ಕುಡ್ಯಾಕ ಹೋಗ್ಯಾರ" ಅಂದ್ಲು.

ಅದೇನು ಮಾತೋ, ಮಂತ್ರೋ! ಯಾರೂ ತುಟಿ ಬಿಚ್ಚಲಿಲ್ಲ. ಬಸ್ಸು ಬಿಟ್ಟ ಮ್ಯಾಲ ಕಂಡಕ್ಟರ್ ಕೇಳಿದ್ರ, "ಹಿಂದಿನ ಬಸ್ಸಿಗೆ ಬರ್ತಾರ್ರಿ, ಅವರ ಸ್ವಭಾವನ ಹಂಗ" ಅಂದ್ಲು. ಕಂಡಕ್ಟರ್ರೂ ನಕ್ಕ. ಇದ್ದಾಗ ಒಂದು ಕೊಡ ನೀರು ಎತ್ತಿ ಕೊಡದ ಗಂಡ ಸತ್ತ ಮ್ಯಾಲ ಇಷ್ಟು ಉಪಯೋಗ ಬೀಳ್ತಾನ ಅಂತ ಆಕಿಗೂ ಗೊತ್ತಿರಲಿಲ್ಲ.

ಬಸ್ಸು ಬಿಟ್ಟು ನಡಿಯೂ ಹಾದಿಗೆ ಬಂದಾಗ ದ್ಯಾವಕ್ಕನ ಗುಂಪು ಸಿಕ್ತು. ದ್ಯಾವಕ್ಕ ಅಂದ್ರ ದಾರ್ಯಾಗ ನಿಂತ ಎಮ್ಮಿಗೂ ತವರು ಮನಿ ಯಾವುದು ಅಂತ ಕೇಳೂ ಹೆಂಗಸು. ಕೇಳಿದ್ಲು. ರಾಚವ್ವ, "ಮನಿಯಾರು ಹಿಂದ ಬರಾಕತ್ಯಾರ ಎಕ್ಕಾ, ಮೊಣಕಾಲು ನೋವು" ಅಂದ್ಲು. ಮುತ್ತೈದಿ ಸಿಕ್ಳು ಅಂತ ದ್ಯಾವಕ್ಕ ಆಕಿ ಕೈಲೆ ಹಣಿಗೆ ಕುಂಕುಮನೂ ಹಚ್ಚಿಸ್ಕೊಂಡ್ಲು. ಮಾತಿನ ಮ್ಯಾಲ ಮಾತು ಬಂದು ದ್ಯಾವಕ್ಕನ ತವರು ಸಂಗಾಪುರದ ಬಾಜೂ ಊರು ಅಂತ ತಿಳೀತು. ಈಕಿ ಬಾಯಾಗ ಬಿದ್ರ ನಾಳೆ ಬಸಲಿಂಗನ ಕಿವ್ಯಾಗ ಬಿದ್ದಂಗ. ಶ್ರೀಶೈಲ ಅಲ್ಲಿಗೇ ಮುಗೀತು.

ಹಿಂಗ ಎಲ್ಲಾರೂ ಕೂಡಿ ಮಠಕ್ಕ ಬಂದ್ರು. ಅಜ್ಜಾರು ಅಂಗಳದಾಗ ಎಲಿ ಹಾಕಾಕತ್ತಿದ್ರು. ರಾಚವ್ವ ಕುಂತ್ಲು, ಒಂದು ಕಡೆ ದ್ಯಾವಕ್ಕ ಕುಂತ್ಲು. ಇನ್ನೊಂದು ಕಡೆ ಯಾರೋ ಕುಂದ್ರಾಕ ಬಂದ್ರು. ಬಸ್ಸಿನ ರೂಢಿ ನೋಡ್ರಿ, ಬಾಯಿ ತಾನ ನುಡೀತು: "ಜನ ಅದಾರ್ರಿ ಇಲ್ಲಿ. ನಮ್ಮ ಮನಿಯಾರು ಬರ್ತಾರ."

ಅಜ್ಜಾರು ಆಕಿ ಮಾರಿ ನೋಡಿದ್ರು. ಬಾಜೂಕ ಒಂದು ಎಲಿ ಹಾಕಿದ್ರು. ಬಡಿಸ್ಕೋತ ಬಂದಾಗ ಆ ಎಲಿಗೂ ರೊಟ್ಟಿ, ಬದನಿಕಾಯಿ ಪಲ್ಯ, ಗೋದಿ ಹುಗ್ಗಿ ಬಡಿಸಿದ್ರು. ಬಡಿಸೂದು ಮುಗದ ಮ್ಯಾಲ ಜೈಕಾರ ಹಾಕಬೇಕು, ಹಾಕಿದ ಮ್ಯಾಲ ತುತ್ತು ಎತ್ತಬೇಕು. ಅಜ್ಜಾರು ಜೈಕಾರ ಹಾಕಲಿಲ್ಲ. ಕಂಬಕ್ಕ ಬೆನ್ನು ಕೊಟ್ಟು ನಿಂತ್ರು.

"ಯಾಕ್ರೀ ಅಜ್ಜಾರ?" ಅಂದ ಒಬ್ಬ ಮುದುಕ.

"ಎಲಿ ಹಾಕೇತಿ. ಉಣ್ಣಾವ್ರು ಬರಲಿ."

ರಾಚವ್ವ ಬಳಿ ಇದ್ದ ಕೈ ಸೆರಗಿನ್ಯಾಗ ಮುಚ್ಕೊಂಡ್ಲು. "ನೀವು ಉಣ್ರಿ ಎಪ್ಪಾ, ಅವರಿಗೆ ತಡ ಆಗ್ತೈತಿ" ಅಂದ್ಲು.

"ಎಲಿ ಹಾಕಿದ ಮ್ಯಾಲ ಒಬ್ಬರ್ನ ಬಿಟ್ಟು ಒಬ್ಬರು ಉಣ್ಣೂದು ಈ ಮಠದಾಗ ಇಲ್ಲವ್ವಾ. ಕಾಯೂಣು."

ಪಂಕ್ತಿ ಕಾಯ್ತು. ಬೆಳಗ್ಗಿಂದ ಬಿಸಿಲಾಗ ನಡದು ಬಂದ ಮಂದಿ, ಮುಂದ ಹುಗ್ಗಿ, ಕೈ ತೊಡಿ ಮ್ಯಾಲ. ನೊಣ ಮಾತ್ರ ಯಾರ ಅಪ್ಪಣಿ ಕೇಳದ ಉಣ್ಣಾಕ ಹತ್ತಿದ್ವು. ಹುಗ್ಗಿ ಮ್ಯಾಲ ಕೆನಿ ಕಟ್ತು.

"ಮೊಣಕಾಲು ನೋವು ಅಂದಿದ್ದಿಯಲ್ಲಬೇ," ಅಂದ್ಲು ದ್ಯಾವಕ್ಕ, "ತೆವಳಿಕೋತ ಬರಾಕತ್ತಾನೇನು ನಿನ್ನ ಗಂಡ? ನಾಕು ಹುಡುಗರ್ನ ಕಳಿಸಿ ಹೊತ್ಕೊಂಡು ಬರ್ರಿ ಅತ್ತಾಗ."

ಆ ಮುದುಕ, "ಅವರು ಮಲ್ಲಯ್ಯನ್ನ ನೋಡಿ ಹೊಳ್ಳಿ ಬರೂಮಟ ಕುಂದ್ರೂದಾಗ್ತೈತೇನ್ರಿ ಅಜ್ಜಾರ?" ಅಂದ. ಪಂಕ್ತಿ ನಕ್ತು. ಅಜ್ಜಾರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಮಠದ ಬಾಗಿಲ ಕಡೆ ನೋಡ್ಕೋತ ನಿಂತಿದ್ರು, ಖರೇನ ಯಾರೋ ಬರ್ತಾರೇನೋ ಅನ್ನೂವಂಗ. ಆ ನೋಟ ರಾಚವ್ವಗ ತಡ್ಕೊಳ್ಳಾಕ ಆಗಲಿಲ್ಲ. ಬೈದಿದ್ರ ತಡ್ಕೋತಿದ್ಲು. ಆಕಿನೂ ಬಾಗಿಲ ಕಡೆ ನೋಡಿದ್ಲು. ಬಾಗಿಲಾಗ ಬಿಸಿಲು ಬಿಟ್ರ ಏನಿರಲಿಲ್ಲ.

"ಅವರು ಬರೂದಿಲ್ರಿ ಎಪ್ಪಾ. ಶ್ರಾವಣದಾಗ ಹೋಗಿಬಿಟ್ರು."

ದ್ಯಾವಕ್ಕನ ಬಾಯಿಗೆ ಬೀಗ ಎಲ್ಲೀದು? "ಅಯ್ಯ ಶಿವನ! ಗಂಡ ಸತ್ತಾಕಿ ಹಸರ ಬಳಿ ಇಟ್ಕೊಂಡು ನಮ್ಮ ಜೋಡಿ ನಡದಾಳಲ್ಲೋ! ಈಕಿ ಕೈಲೆ ನಾ ಕುಂಕುಮ ಹಚ್ಚಿಸ್ಕೊಂಡೇನಿ. ಸಂಗಾಪುರದಾಕಿ ಅಂದಿಯಲ್ಲ, ತಡಿ, ನಿಮ್ಮ ಮನಿ ಮಂದಿಗೆ ಹೇಳಿ ಕಳಿಸ್ತೇನಿ!"

ರಾಚವ್ವ ಸೆರಗಿನ್ಯಾಗಿಂದ ಕೈ ತಗದು ಅಂಗಳದ ಕಲ್ಲಿಗೆ ಕುಟ್ಟಾಕ ಹತ್ತಿದ್ಲು. ಬಳಿ ಒಡದು ಮುಂಗೈಲಿ ರಕ್ತ ಬಂತು. ಅಜ್ಜಾರು ಬಂದು ಆಕಿ ಮುಂದ ಕುಕ್ಕರಗಾಲಿಲೆ ಕುಂತ್ರು, ಒಡದ ಚೂರು ಆರಿಸಿ ತಮ್ಮ ಉಡಿಯಾಗ ಹಾಕ್ಕೊಂಡ್ರು.

"ಬಳಿ ಉಣ್ಣೂದಿಲ್ಲವ್ವಾ. ಕೈ ಉಣತೈತಿ. ಕೈ ಎಲಿ ಕಡೆ ತಾ."

ಖಾಲಿ ಜಾಗದ ಎಲ್ಯಾಗಿನ ಅಡಗಿ ಎತ್ತಿ ಬ್ಯಾರೆ ಬುಟ್ಟಿಗೆ ಹಾಕಿದ್ರು, ಎಲಿ ಮಡಚಿದ್ರು.

"ಇಲ್ಲೀ ಮಟ ಹಾದಿ ಯಾರು ತೋರಿಸಿದ್ರು?"

"ಯಾರಿಲ್ರಿ. ಕೇಳ್ಕೋತ ಬಂದೆ."

"ಹಂಗಾದ್ರ ಇವತ್ತು ಜೈಕಾರ ನೀನ ಹಾಕು."

"ನಾನ್ರೀ?" ಹೆಂಗಸು, ಅದೂ ಗಂಡ ಸತ್ತಾಕಿ, ಪಂಕ್ತ್ಯಾಗ ಜೈಕಾರ ಹಾಕಿದ್ದು ಆ ಸೀಮ್ಯಾಗ ಯಾರು ಕೇಳ್ಯಾರ?

"ಬಂದಾಕಿ ನೀನು. ಮಂದಿ ಹಸದಾರ," ಅಂದ್ರು ಅಜ್ಜಾರು.

ರಾಚವ್ವ ಕೈ ಮುಗಿದು, "ಓಂ ನಮಃ ಪಾರ್ವತೀ ಪತೇ" ಅಂದ್ಲು. ಮೊದಲ ಅರ್ಧ ಬಾಜೂಕಿನವರಿಗಷ್ಟ ಕೇಳ್ತು, ಉಳದದ್ದು ಮಾಳಿಗಿ ಮ್ಯಾಲಿನ ಪಾರಿವಾಳ ಹಾರೂವಂಗ ಹೊರಗ ಬಂತು. ಹಸಿವಿಗೋ ಭಕ್ತಿಗೋ ಆ ಮಲ್ಲಯ್ಯನ ಬಲ್ಲ, ಇಡೀ ಪಂಕ್ತಿ "ಹರ ಹರ ಮಹಾದೇವ" ಅಂತು. ದ್ಯಾವಕ್ಕನೂ ಅಂದ್ಲು. ಅನ್ನದ ಮುಂದ ಕುಂತು ಅನ್ನದ ಇರಾಕ ಬರ್ತೈತೇನು?

ಅಜ್ಜಾರು ಬಿಸಿ ಹುಗ್ಗಿ ತಂದು ಎಲ್ಲಾರಿಗೂ ಮತ್ತೊಂದು ಸೌಟು ಹಾಕಿದ್ರು. ರಾಚವ್ವ ಉಂಡ್ಲು. ಸಾಕಾದ್ರೂ ಇನ್ನೊಂದು ಸಲ ಕೇಳಿ ಹಾಕಿಸ್ಕೊಂಡ್ಲು.

ಕೈ ತೊಳಿಯೂ ಜಾಗದಾಗ ದ್ಯಾವಕ್ಕ ಅಕಡೆ ಇಕಡೆ ನೋಡಿ, ಬಾಯಿ ಮುಕ್ಕಳಿಸಿ, ಕಡಿಗೆ ಮಾತು ತಗದ್ಲು: "ಆತು, ನಡಿಬೇ. ಯಾರಿಗೂ ಹೇಳಂಗಿಲ್ಲ ನಾನು. ಅಜ್ಜಾರ ಅಂಗಳದಾಗ ಉಂಡು ಚಾಡಿ ಹೇಳಿದ್ರ ನನಗೂ ದಕ್ಕಬೇಕಲ್ಲ. ನಮ್ಮ ಗುಂಪಿನ್ಯಾಗ ಬಾ. ಮುಂದ ಅಡವಿ ಐತಿ."

ರಾಚವ್ವ ಸೆರಗಿಲೆ ಮಾರಿ ಒರಸ್ಕೊಂಡ್ಲು. "ರಾತ್ರಿ ವಸ್ತಿಗೆ ನಿಮ್ಮನ್ನ ಬಂದು ಕೂಡ್ಕೋತೇನಿ ಎಕ್ಕಾ. ಹಗಲು ನೀವು ಮುಂದ ನಡೀರಿ. ನಲವತ್ತು ವರ್ಷ ಅವರ ಹಿಂದ ಓಡೋಡಿ ನಡದೇನಿ. ನನ್ನ ನಡಿಗಿ ಎಂಥಾದ್ದು ಅನ್ನೂದ ನನಗ ಇನ್ನೂ ಗೊತ್ತಿಲ್ಲ."

ಅಜ್ಜಾರ ಪಾದ ಮುಟ್ಟಾಕ ಹೋದ್ಲು. ಅವರು ಬಗ್ಗಿ ಎರಡನೇ ಪಂಕ್ತಿಗೆ ಎಲಿ ಹಾಕಾಕತ್ತಿದ್ರು. ಪಾದ ಒಂದು ಕಡೆ ನಿಲ್ಲಲೇ ಇಲ್ಲ. ಅವರು ಹೆಜ್ಜಿ ಇಟ್ಟ ನೆಲ ಮುಟ್ಟಿ ಕಣ್ಣಿಗೆ ಒತ್ಕೊಂಡು, ಬಿಸಿಲಿಗೆ ಇಳದು ಹೊಂಟ್ಲು.