ನಲವತ್ತು ಖಾಲಿ ಎಲೆ

ಒಂದಾನೊಂದು ಕಾಲದಲ್ಲಿ, ಏಳು ಬೆಟ್ಟಗಳ ಸೀಮೆಯಲ್ಲಿ ಕರಿಕೋಟೆ ಅಂತ ಒಂದು ಊರಿತ್ತಂತೆ. ಬೆಟ್ಟಕ್ಕೊಬ್ಬ ರಾಜ, ಏಳು ಬೆಟ್ಟಕ್ಕೆ ಏಳು ರಾಜರು. ಹನ್ನೆರಡು ವರ್ಷಕ್ಕೊಮ್ಮೆ ಏಳೂ ಜನ ಒಬ್ಬನ ಮನೆಯಲ್ಲಿ ಸೇರಬೇಕು, ಒಂದೇ ಪಂಕ್ತಿಯಲ್ಲಿ ಉಣ್ಣಬೇಕು, ಉಂಡ ಮೇಲೆ ಹೊಳೆನೀರು ಯಾರಿಗೆಷ್ಟು ಅಂತ ಮಾತಾಡಬೇಕು. ಮುತ್ತಜ್ಜಂದಿರ ಕಾಲದ ಕಟ್ಟಳೆ ಅದು. ಆ ಸಲದ ಸರದಿ ಕರಿಕೋಟೆಯ ಮಲ್ಲರಸನದು.

ಈ ಮಲ್ಲರಸ ಊರ ಮುಂದೆ ಒಂದು ಕೆರೆ ಕಟ್ಟಿಸಿದ್ದ. ಏರಿ ಭದ್ರ, ತೂಬು ಚಂದ, ಮೆಟ್ಟಿಲು ನುಣುಪು, ನೀರೊಂದು ನಿಲ್ಲಲಿಲ್ಲ. ಆದರೂ ಕೆರೆ ತುಂಬಿದೆ ಅಂತ ಡಂಗುರ ಹೊಡೆಸಿದ. ಹೌದು ತುಂಬಿದೆ ಅಂದವರು ಮನೆಗೆ ಹೋದರು. ಎಲ್ಲಿ ತುಂಬಿದೆ ಅಂದವರು ಹಗೇವಿಗೆ ಹೋದರು. ಹಗೇವು ಅಂದರೆ ಜೋಳ ತುಂಬಿಡುವ ನೆಲದಡಿಯ ಕಣಜ. ಮೇಲೊಂದು ಮುಚ್ಚಳಗಲ್ಲು, ಅದೇ ಬಾಗಿಲು, ಅದೇ ಕಿಟಕಿ. ಕೋಟೆಯ ಅಂಗಳದ ಹಗೇವಿನಲ್ಲಿ ಹೀಗೆ ನಲವತ್ತು ಜನ ಬಿದ್ದಿದ್ದರಂತೆ. ಅವರಲ್ಲೊಬ್ಬ ಬಾವಿ ತೋಡುವ ಭರಮಪ್ಪ.

ಅವನ ಹೆಂಡತಿ ನಿಂಬೆವ್ವ. ಮುತ್ತುಗದ ಎಲೆ ಹಚ್ಚಿ, ಅರಮನೆಯ ಪಂಕ್ತಿಗೆ ಎಲೆ ಹಾಕುವ ಹಕ್ಕು ಅವಳದು. ದಿನಾ ಹಗ್ಗದಲ್ಲಿ ಗಂಜಿಯ ಗಡಿಗೆ ಇಳಿಸುವಳು. ಖಾಲಿ ಗಡಿಗೆ ಮೇಲೆ ಬಂದರೆ ಗಂಡ ಗಟ್ಟಿಯಾಗಿದ್ದಾನೆ ಅಂತ ಸಮಾಧಾನ. ಮೂರು ದಿನದಿಂದ ಗಡಿಗೆ ಅರ್ಧ ತುಂಬಿಯೇ ಬರುತ್ತಿತ್ತು. ನಾಲ್ಕನೇ ದಿನ ಎಲೆ ತರುವ ನೆಪ ಮಾಡಿ ಬೆಟ್ಟ ಹತ್ತಿ ಇಳಿದು, ಪಕ್ಕದ ಬಾಳೂರಿನ ಮುದಿರಾಜ ಸೋಮರಸನ ಮುಂದೆ ಹೋಗಿ ನಿಂತಳಂತೆ.

"ಕರಿಕೋಟೆಗೆ ಊಟಕ್ಕೆ ಬರಬ್ಯಾಡ್ರಿ" ಅಂದಳು, ಹಗೇವಿನ ಕತೆಯೆಲ್ಲ ಹೇಳಿ.

ಹಿರಿಯ ಮಂತ್ರಿ ತಲೆದೂಗಿದ. "ಸರಿಯಾಗಿ ಹೇಳಿದಳು ಪ್ರಭು. ನಾವು ಹೋಗಿ ಪಕ್ಕದಲ್ಲಿ ಕೂತರೆ ಅವನ ಹಣೆಗೆ ನಾವೇ ಗಂಧ ಹಚ್ಚಿದ ಹಾಗೆ."

ಕಿರಿಯ ಮಂತ್ರಿಗೆ ನಗು ಬಂತು. "ಹಗೇವಿಲ್ಲದ ಊರಲ್ಲೇ ಸೇರಬೇಕು ಅಂದರೆ ಏಳು ರಾಜರೂ ಬಯಲಲ್ಲಿ ಕೂರಬೇಕಾದೀತು. ಅಲ್ಲದೆ ನಾವು ಹೋಗದಿದ್ದರೆ ಅವನು ಸಿಟ್ಟಿಗೆದ್ದು ಮುಚ್ಚಳದ ಮೇಲೆ ಇನ್ನೊಂದು ಕಲ್ಲು ಹೇರುತ್ತಾನೆ."

ಸೋಮರಸ ಇಬ್ಬರನ್ನೂ ನೋಡಿ, ಕತ್ತು ಕೆರೆದುಕೊಂಡು, ಅವಳ ಕಡೆ ತಿರುಗಿದ. "ನೀನೇ ಹೇಳವ್ವ. ನಾನು ಬರಲಿಲ್ಲ ಅಂದರೆ ನಿನ್ನ ಗಂಡ ಮೇಲೆ ಬರುತ್ತಾನೇನು?"

ದಾರಿಯುದ್ದಕ್ಕೂ ನಿಂಬೆವ್ವ 'ಬರಬ್ಯಾಡ್ರಿ' ಅನ್ನುವ ತನಕ ಯೋಚಿಸಿದ್ದಳೇ ಹೊರತು ಅದರಾಚೆಗೆ ಹೋಗಿರಲಿಲ್ಲ. ಬೆರಳಲ್ಲಿ ಎಲೆಯ ಕಡ್ಡಿ ತಿರುವುತ್ತ ನಿಂತಳು.

"ಬರೂದಿಲ್ಲ" ಅಂದಳು ಕೊನೆಗೆ. "ನೀವು ಬಂದು ಉಂಡು ಕೈ ತೊಳಕೊಂಡು ಹೋದರೂ ಬರೂದಿಲ್ಲ." ಕೈಯಲ್ಲಿದ್ದ ಕಡ್ಡಿ ಕೆಳಗೆ ಹಾಕಿದಳು. "ಹಂಗಾದ್ರ ಬರ್ರಿ. ಆದ್ರ ಎಲೀ ನೋಡಿ ಉಣ್ರಿ. ನೀವು ನೋಡದ ಉಂಡ್ರ, ನಾನು ನಲವತ್ತೊಂದನೆಯಾಕಿ."

ಎಲೆ ನೋಡುವುದು ಅಂದರೇನು? ಏಳು ರಾಜರ ಪಂಕ್ತಿಗೆ ಒಂದು ಪದ್ಧತಿ ಇತ್ತು. ಕೋಟೆಯೊಳಗಿರುವ ಒಂದೊಂದು ಜೀವಕ್ಕೂ ಒಂದೊಂದು ಎಲೆ. ಕೊನೆಯ ಎಲೆಯ ಮುಂದೆ ಆಳು ಕೂರುವ ತನಕ ಮೊದಲ ಎಲೆಗೆ ಅನ್ನ ಬೀಳಬಾರದು. ಹಾಕಿದ ಎಲೆಯನ್ನು ಖಾಲಿ ಎತ್ತಿದರೆ ಆ ಮನೆಯ ಅನ್ನವೇ ಮುಗಿಯಿತು ಅಂತ ರಾಜರೂ ಹೆದರುತ್ತಿದ್ದರು.

ಪಂಕ್ತಿಯ ದಿನ ಬಂತು. ಮಲ್ಲರಸ ಕೋಟೆಗೆಲ್ಲ ಸುಣ್ಣ ಬಳಿಸಿದ್ದ. ಮುಚ್ಚಳಗಲ್ಲಿಗೆ ಸಗಣಿ ಸಾರಿಸಿ, ರಂಗೋಲಿ ಬಿಡಿಸಿ, ಮೇಲೊಂದು ತುಳಸಿ ಕುಂಡ ಇಡಿಸಿದ್ದ. ಯಾರಾದರೂ ಬಾಯಿ ಬಿಟ್ಟಾರು ಅಂತ ಊರ ಜನರನ್ನೆಲ್ಲ ಮೂರು ಗಾವುದ ದೂರ ಅಟ್ಟಿದ್ದ. ಕೋಟೆಯಲ್ಲಿ ಉಳಿದವರು, ಅತಿಥಿಗಳೂ ಸೇರಿ, ಮುನ್ನೂರು.

"ಮುನ್ನೂರು ಎಲೆ ಹಾಕು" ಅಂದ ಕಾರಭಾರಿ ಜಟ್ಟಪ್ಪ.

ನಿಂಬೆವ್ವ ಮುನ್ನೂರ ನಲವತ್ತು ಹಾಕಿದಳು.

ಎಲ್ಲರೂ ಕೂತರು. ತುದಿಯಲ್ಲಿ ನಲವತ್ತು ಎಲೆ ಖಾಲಿ. ಸೋಮರಸ ಕೈ ಮಡಿಚಿಕೊಂಡು ಕೇಳಿದ, "ಅವು ಯಾರವು?"

"ಮುದುಕಿ ಲೆಕ್ಕ ತಪ್ಪಿದ್ದಾಳೆ ಪ್ರಭು" ಅಂದ ಜಟ್ಟಪ್ಪ.

"ಮೂವತ್ತು ವರ್ಷ ಆತು ಎಲೀ ಹಾಕಾಕ ಹತ್ತಿ" ಅಂದಳು ನಿಂಬೆವ್ವ. "ತಪ್ಪಿದ್ರ ನೀವ ಎತ್ತ್ರಿ ಕಾರಭಾರೇರ."

ಬಗ್ಗಿದ ಜಟ್ಟಪ್ಪ ಹಾಗೇ ನೆಟ್ಟಗಾದ. ಆ ಕಡೆಯ ನಲವತ್ತು ಸಿಪಾಯಿಗಳನ್ನು ಎಬ್ಬಿಸಿ ಈ ಕಡೆ ಕೂರಿಸಿದ. ಆ ಕಡೆ ನಲವತ್ತು ಖಾಲಿಯಾಯಿತು. ಅಡುಗೆಯವರನ್ನು ಅಲ್ಲಿ ತುಂಬಿಸಿದ, ನಡುವೆ ಖಾಲಿಯಾಯಿತು. ಹೊರಗಿಂದ ಕರೆತರೋಣ ಅಂದರೆ ಊರಲ್ಲಿ ನರಪಿಳ್ಳೆ ಇಲ್ಲ. ಸಿಪಾಯಿಗಳು ಎದ್ದು ಕೂತು, ಎದ್ದು ಕೂತು ಬೆವತರಂತೆ.

"ಪಾಯಸ ಆರುತ್ತಿದೆ, ಉಂಡುಬಿಡೋಣ" ಅಂದ ಒಬ್ಬ ದಪ್ಪ ರಾಜ. ಆಗಲೇ ಸೋಮರಸನ ಕೈ ಎಲೆಯ ಕಡೆ ಚಾಚಿತು. ನಿಂಬೆವ್ವ ಒಂದು ಹೆಜ್ಜೆ ಮುಂದೆ ಬಂದಳು. ಅವನು ಎಲೆಯ ಮೇಲಿನ ಇರುವೆಯೊಂದನ್ನು ಕೊಡವಿ, ಮತ್ತೆ ಕೈ ಮಡಿಚಿದ.

"ಆ ಕುಂಡದ ಕೆಳಗೇನಿದೆ ಮಲ್ಲರಸ?"

"ಕಲ್ಲು."

"ಕಲ್ಲಿನ ಕೆಳಗೆ?"

"ಅದು ನಮ್ಮ ಮನೆಯ ವಿಚಾರ."

"ಹೌದಪ್ಪ, ಕಲ್ಲು ನಿನ್ನ ಮನೆಯದು. ಎಲೆ ನಮ್ಮೆಲ್ಲರ ಪಂಕ್ತಿಯದು."

ನೆರಳು ಆ ಗೋಡೆಯಿಂದ ಈ ಗೋಡೆಗೆ ಬಂತು. ಅನ್ನ ಅಗುಳಗುಳಾಗಿ ಒಣಗಿತು. ಊಟ ಮುಗಿಯದೆ ಹೊಳೆನೀರಿನ ಮಾತಿಲ್ಲ. ಹೊಳೆನೀರು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಆ ಕೆರೆಯ ಒಡೆಯನಿಗೇ. ಮಲ್ಲರಸ ತಲೆ ಎತ್ತದೆ ಕೈ ಸನ್ನೆ ಮಾಡಿದ.

ಕಲ್ಲು ಸರಿಯಿತು. ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರೇ ಮೇಲೆ ಬಂದರು. ನಲವತ್ತನೆಯವನು ಭರಮಪ್ಪ, ಇನ್ನೊಬ್ಬನ ಹೆಗಲ ಮೇಲೆ. ಎಲೆಯ ಮುಂದೆ ಕೂತ. ಕೈ ಎತ್ತಲೂ ತ್ರಾಣವಿಲ್ಲ. "ಒಂಚೂರು ನೀರು" ಅಂದ.

ಬಡಿಸುವವನು ತಂಬಿಗೆ ಹಿಡಿದು ಓಡಲು ಹೊರಟ.

"ಕೆರೀಗೆ ಹೋಗಬ್ಯಾಡ ತಮ್ಮಾ" ಅಂದ ಭರಮಪ್ಪ. "ಅಲ್ಲಿ ನೀರಿಲ್ಲ."

ಅವನನ್ನು ಹಗೇವಿಗೆ ಇಳಿಸಿದ್ದೇ ಆ ಮಾತು. ಏಳು ರಾಜರೂ ಕೇಳಿದರು. ನಿಂಬೆವ್ವ ಮಲ್ಲರಸನ ಮುಖವನ್ನೇ ನೋಡುತ್ತ ನಿಂತಳು.

"ಬಾವಿಯಿಂದ ತಾ" ಅಂದನಂತೆ ಮಲ್ಲರಸ.

ಆಮೇಲೆ ಮೊದಲ ಎಲೆಗೆ ಅನ್ನ ಬಿತ್ತು. ಉಂಡು, ಹೊಳೆನೀರಿನ ಮಾತು ಮುಗಿಸಿ ಅತಿಥಿಗಳು ಹೊರಟರು, ನಲವತ್ತು ಜನ ಮನೆಗೆ ಹೋದರಂತೆ. ಮನೆ ಮುಟ್ಟಿದ ದಿನವೇ ಸೋಮರಸ ತನ್ನ ಅಂಗಳದ ಕಲ್ಲೂ ಎತ್ತಿಸಿದ. ಇನ್ನಿಬ್ಬರು ಎತ್ತಿಸಿದರು, ಇಬ್ಬರು ನಾಳೆ ಅಂದರು, ದಪ್ಪ ರಾಜ ಆರಿದ ಪಾಯಸದ ಬಗ್ಗೆಯೇ ಗೊಣಗಿದ. ಮುಂದಿನ ಪಂಕ್ತಿ ಆ ದಪ್ಪ ರಾಜನ ಮನೆಯಲ್ಲೇ. ಅಲ್ಲಿ ಎಲೆ ಹಾಕಲು ಸೋಮರಸ ಕರೆಸಿದ್ದು ಮಾತ್ರ ನಿಂಬೆವ್ವನನ್ನೇ.

ಅವರು ಅಲ್ಲಿ ಅನ್ನ ಉಂಡರು, ನಾವು ಇಲ್ಲಿ ಕತೆ ಉಂಡೆವು. ಏಳುವ ಮುಂಚೆ ಪಕ್ಕದ ಎಲೆ ಒಂದು ಸಲ ನೋಡಿ ಏಳಿ.