ಕೇಪಳದ ಹೂ ಜೇನನ್ನು ಆಳದಲ್ಲಿ ಇಟ್ಟುಕೊಂಡಿದ್ದು

ಭೂಮಿ ಆಗಿನ್ನೂ ಹೊಸದು, ಮಗೂ. ನದಿಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಿದವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಮಾಗಿಯ ಚಳಿಗೂ ಎಷ್ಟು ಕೊರೆದರೆ ಸಾಕು ಎಂಬ ಅಂದಾಜಿರಲಿಲ್ಲ. ಬಂದರೆ ಕಲ್ಲು ಕೂಡ ನಡುಗಬೇಕು, ಹಾಗೆ ಬರುತ್ತಿತ್ತು.

ಆ ಕಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ ಒಂದು ಕೇಪಳದ ಗಿಡ ಹುಟ್ಟಿತು. ಬಲು ಮೆದು ಗಿಡ. ಅದಕ್ಕೆ ಬಿಸಿಲು ಬೇಕು, ನೀರು ಬೇಕು, ನಿಂತ ನೀರು ಬೇಡ. ಚಳಿಯಂತೂ ಬೇಡವೇ ಬೇಡ. ಮೊದಲ ಮಾಗಿಯಲ್ಲೇ ಅದರ ಎಲೆಯೆಲ್ಲ ಕಪ್ಪಾಗಿ ಉದುರಿಹೋಯಿತು.

ಗುಡ್ಡದ ಬುಡದಲ್ಲಿ ದ್ಯಾವಕ್ಕ ಅಂತ ಒಬ್ಬಳು ತನ್ನ ಗಂಡ ಗುತ್ಯನ ಜೊತೆ ಇದ್ದಳು. ಸೌದೆಗೆ ಹೋದವಳು ಒಣಕಡ್ಡಿ ಎಂದುಕೊಂಡು ಗಿಡಕ್ಕೆ ಕೈ ಹಾಕಿದಳು.

"ಅವ್ವಾ, ಮುರೀಬೇಡ. ಇನ್ನೂ ಜೀವ ಇದೆ" ಎಂದಿತು ಗಿಡ.

ದ್ಯಾವಕ್ಕ ಉಗುರಿನಿಂದ ತೊಗಟೆ ಕೆರೆದು ನೋಡಿದಳು. ಒಳಗೆ ಹಸಿರು! ಬೇರಿನ ಮಣ್ಣು ಉದುರದ ಹಾಗೆ ಅಗೆದು, ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು.

"ಸತ್ತ ಕಡ್ಡಿ ಹೊತ್ಕೊಂಡು ಬಂದ್ಯಲ್ಲೇ!" ಎಂದು ಗುತ್ಯ ನಕ್ಕ.

"ಸತ್ತಿಲ್ಲ. ಹೆದರಿಕೊಂಡಿದೆ ಅಷ್ಟೆ" ಎಂದಳು ದ್ಯಾವಕ್ಕ.

ಒಲೆಯ ಹಿಂದಿನ ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಅದರ ಹೊರಮಗ್ಗುಲಿಗೆ ಗಿಡ ನೆಟ್ಟಳು. ಬುಡಕ್ಕೆ ತರಗೆಲೆ ಗೊಬ್ಬರ ಹಾಕಿ, ಮೇಲೆ ಹುಲ್ಲು ಹೊದಿಸಿದಳು. ಹೊಸ ಕುಡಿ ಬಂದಾಗ ತುದಿ ಚಿವುಟಿದಳು.

"ನೋಯುತ್ತೆ, ಅವ್ವಾ!"

"ಒಂದು ಹೋದರೆ ಎರಡು ಬರುತ್ತೆ, ಸುಮ್ನಿರು."

ಎರಡು ಬಂತು. ಆಮೇಲೆ ಗಿಡದ ತುಂಬ ಬಂತು.

ಅಲ್ಲಿಗೆ ದಿನಾ ಒಂದು ಸೂರಕ್ಕಿ ಬರುತ್ತಿತ್ತು. ಹೂವಿನ ಜೇನು ಕುಡಿಯುವ ಪುಟ್ಟ ಹಕ್ಕಿ ಅದು. ಆಗ ಅದರ ಕೊಕ್ಕು ಅಕ್ಕಿಕಾಳಿನಷ್ಟು ಗಿಡ್ಡ. ಹಳದಿ ಚಿಟ್ಟೆಗಳೂ ಬರುತ್ತಿದ್ದವು. ಅವುಗಳ ನಾಲಿಗೆಯೂ ಗಿಡ್ಡವೇ.

"ಹೂ ಯಾವಾಗ?" ಎಂದು ಅವು ಕೇಳುತ್ತಿದ್ದವು.

"ಬೇಸಿಗೆಗೆ. ಆಗ ನಿಮಗೆ ಹೊಟ್ಟೆ ತುಂಬ ಕೊಡ್ತೀನಿ" ಎನ್ನುತ್ತಿತ್ತು ಗಿಡ.

ಮತ್ತೆ ಮಾಗಿ ಬಂತು. ಹೊಳೆಯಾಚೆಗಿದ್ದ ಮಗಳಿಗೆ ಹೆರಿಗೆ ಎಂದು ದ್ಯಾವಕ್ಕ, ಗುತ್ಯ ಇಬ್ಬರೂ ಹೋಗಬೇಕಾಯಿತು. ಒಲೆ ಆರಿತು. ಗೋಡೆ ತಣ್ಣಗಾಯಿತು. ಗಾಳಿ ಬಂದು ಹುಲ್ಲನ್ನೂ ಹಾರಿಸಿಕೊಂಡು ಹೋಯಿತು.

"ಗಾಳಿಯಣ್ಣಾ, ಅದು ನನ್ನ ಹೊದಿಕೆ!"

"ಹೌದಾ? ಗೊತ್ತಾಗಲಿಲ್ಲ ಕಣಮ್ಮಾ. ಗುಡ್ಡದಾಚೆ ಬಿಟ್ಟು ಬಂದೆ" ಎಂದಿತು ಗಾಳಿ. ಅದೂ ಲೋಕಕ್ಕೆ ಹೊಸದು, ಪಾಪ.

ಗಿಡ ನಡುಗುವುದನ್ನು ಸೂರಕ್ಕಿ ನೋಡಿತು. ಬೂರುಗದ ಮರಕ್ಕೆ ಹಾರಿ ಹತ್ತಿ ತಂದಿತು. ಜೇಡನನ್ನು ಕೇಳಿ ನೂಲು ತಂದಿತು. ಒಂದೊಂದು ಕುಡಿಗೂ ಹತ್ತಿ ಸುತ್ತಿ ನೂಲು ಕಟ್ಟಿತು. ಹತ್ತಿ ಮುಗಿದರೂ ಕುಡಿ ಉಳಿದವು. ಆಗ ಚಿಟ್ಟೆಗಳು ಬಂದು ಉಳಿದ ಕುಡಿಗಳ ಮೇಲೆ ರೆಕ್ಕೆ ಹರಡಿ ಕುಳಿತವು.

"ನಿಮಗೆ ಚಳಿ ಆಗಲ್ವಾ?" ಕೇಳಿತು ಗಿಡ.

"ಇಲ್ಲಪ್ಪ" ಎಂದವು ಚಿಟ್ಟೆಗಳು. ಆಗುತ್ತಿತ್ತು. ಹೇಳಲಿಲ್ಲ ಅಷ್ಟೆ.

ಬೆಳಗ್ಗೆ ಬಿಸಿಲು ಬಂದಾಗ ಕೆಲವು ಚಿಟ್ಟೆಗಳು ಹಾರಲಿಲ್ಲ. ಮೆಲ್ಲಗೆ ಕೆಳಗೆ ಉದುರಿದವು. ಗಿಡ ಮಾತ್ರ ಹಸಿರಾಗಿಯೇ ನಿಂತಿತ್ತು.

ಮೊಮ್ಮಗುವನ್ನು ನೋಡಿಕೊಂಡು ಬಂದ ದ್ಯಾವಕ್ಕ ಹತ್ತಿ ಸುತ್ತಿದ ಕುಡಿಗಳನ್ನು ನೋಡಿದಳು. ನೆಲದ ಮೇಲಿನ ರೆಕ್ಕೆಗಳನ್ನೂ ನೋಡಿದಳು. ಅವನ್ನು ಗಿಡದ ಬುಡದಲ್ಲೇ ಇಟ್ಟು ಮೇಲೆ ಮಣ್ಣು ಮುಚ್ಚಿದಳು.

ಬೇಸಿಗೆ ಬಂತು. ಗಿಡದ ತುಂಬ ಕೆಂಪು ಗೊಂಚಲು! ಆಗ ಕೇಪಳದ ಹೂ ತಟ್ಟೆಯ ಹಾಗೆ ಅಗಲ, ಜೇನು ಮೇಲೆಯೇ ಹೊಳೆಯುತ್ತಿತ್ತು. ಬೆಳಕು ಹರಿಯುವ ಮೊದಲೇ ಕಣಜ ಬಂತು, ಇರುವೆ ಬಂತು, ಕಾಗೆ ಬಂತು. ಎಲ್ಲವೂ ಕುಡಿದು ಹೋದವು. ಚಿಟ್ಟೆಗೆ ಬಿಸಿಲು ಕಾಯದೆ ರೆಕ್ಕೆ ಬಿಚ್ಚಲು ಬರುವುದಿಲ್ಲ. ಸೂರಕ್ಕಿಗೆ ಮರಿಗಳ ಕೆಲಸ. ಅವು ಬರುವ ಹೊತ್ತಿಗೆ ಒಂದು ಹನಿಯೂ ಉಳಿದಿರಲಿಲ್ಲ.

"ಪರವಾಗಿಲ್ಲ, ನಾಳೆ ಬರ್ತೀವಿ" ಎಂದವು. ನಾಳೆಯೂ ಅದೇ ಆಯಿತು. ಅದರ ನಾಳೆಯೂ ಅದೇ.

ಗಿಡ ದ್ಯಾವಕ್ಕನ ಹತ್ತಿರ ಅತ್ತಿತು. "ಅವ್ವಾ, ಬಂದವರಿಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ನನ್ನನ್ನು ಉಳಿಸಿದವರು ಉಪವಾಸ ಹೋಗ್ತಾರೆ."

ದ್ಯಾವಕ್ಕ ಗಿಡದ ಪಕ್ಕ ಕುಳಿತಳು. "ನಮ್ಮನೇಲೂ ಹಾಗೇ ಕಣೇ. ಬಂದವರಿಗೆಲ್ಲ ಬಡಿಸ್ತೀನಿ. ಆದರೆ ಇವರು ಗದ್ದೆಯಿಂದ ಬರೋದು ತಡ. ಅವರ ಪಾಲನ್ನ ಕಿರಿಬಾಯಿಯ ಗಡಿಗೇಲಿ, ತಳದಲ್ಲಿ ಇಟ್ಟಿರ್ತೀನಿ. ಅದರೊಳಗೆ ಬೆಕ್ಕಿನ ತಲೆ ತೂರಲ್ಲ."

ಗಿಡ ಆ ದಿನವೆಲ್ಲ ಯೋಚನೆ ಮಾಡಿತು. ಆಮೇಲೆ ಬಂದ ಮೊಗ್ಗುಗಳು ಬೇರೆಯೇ ಥರ ಇದ್ದವು. ಹೂವಿನ ತೊಟ್ಟಿನ ಮೇಲೆ ದಾರದಷ್ಟು ಸಣ್ಣ ಕೊಳವೆ, ಅದಕ್ಕೆ ಸೂಜಿಗಣ್ಣಿನಂಥ ಬಾಯಿ. ಜೇನೆಲ್ಲ ತಳದಲ್ಲಿ.

ಕಣಜ ಸುತ್ತಿ ಸುತ್ತಿ ಗೊಣಗುತ್ತ ಹೋಯಿತು. ಕಾಗೆ ಕೊಕ್ಕು ತಿರುಚಿ ನೋಡಿತು. "ಎಲ್ಲಿ ಜೇನು?"

"ಇದೆ. ತಡವಾಗಿ ಬರೋರದ್ದು ಅದು" ಎಂದಿತು ಗಿಡ.

ಬಿಸಿಲೇರಿದ ಮೇಲೆ ಸೂರಕ್ಕಿ, ಚಿಟ್ಟೆ ಬಂದವು. ಆದರೆ ಅವುಗಳ ಗಿಡ್ಡ ಕೊಕ್ಕು, ಗಿಡ್ಡ ನಾಲಿಗೆಗೂ ಜೇನು ಸಿಗಲಿಲ್ಲ!

"ಅಯ್ಯೋ, ನಾನೇನು ಮಾಡಿಬಿಟ್ಟೆ!" ಎಂದಿತು ಗಿಡ.

"ಹೆದರಬೇಡ. ನೀನು ಬೇರು ಬಿಡೋಕೆ ದಿನ ಹಿಡೀಲಿಲ್ವಾ? ನಮಗೂ ಹಿಡಿಯುತ್ತೆ" ಎಂದಿತು ಸೂರಕ್ಕಿ.

ಅವು ದಿನಾ ಬಂದವು. ಸೂರಕ್ಕಿ ರೆಕ್ಕೆ ಬಡಿಯುತ್ತ ಕೊಕ್ಕು ಚಾಚಿತು. ಚಾಚಿ ಚಾಚಿ ಕೊಕ್ಕು ಉದ್ದವಾಯಿತು, ಬಗ್ಗಿ ಬಗ್ಗಿ ಬಾಗಿತು. ಚಿಟ್ಟೆಯ ನಾಲಿಗೆ ಎಷ್ಟು ಬೆಳೆಯಿತೆಂದರೆ, ಹಾರುವಾಗ ಕಾಲಿಗೆ ತೊಡರದಿರಲೆಂದು ಸುರುಳಿ ಸುತ್ತಿಕೊಳ್ಳಬೇಕಾಯಿತು. ಕೊನೆಗೊಂದು ಮಧ್ಯಾಹ್ನ ಸೂರಕ್ಕಿಯ ಕೊಕ್ಕಿನ ತುದಿ ತಳ ಮುಟ್ಟಿತು.

"ಹೇಗಿದೆ?" ಗಿಡ ಕೇಳಿತು. ಸೂರಕ್ಕಿಯ ಬಾಯಿ ತುಂಬ ಜೇನಿತ್ತು.

ಅದಕ್ಕೇ ಮಗೂ, ಇವತ್ತಿಗೂ ಕೇಪಳದ ಹೂವಿನ ನಡುವಿನ ಎಳೆಯನ್ನು ಮೆಲ್ಲಗೆ ಎಳೆದರೆ ಅದರ ತುದಿಯಲ್ಲೊಂದು ಸಿಹಿ ಹನಿ ಬರುತ್ತದೆ. ಒಂದು ಹೂ ನೀನು ಸವಿ, ಉಳಿದದ್ದನ್ನು ಗಿಡದಲ್ಲೇ ಬಿಡು, ಬಿಸಿಲೇರಿದ ಮೇಲೆ ಬಾಗಿದ ಕೊಕ್ಕಿನ ಸೂರಕ್ಕಿಯೂ ಸುರುಳಿ ನಾಲಿಗೆಯ ಚಿಟ್ಟೆಯೂ ತಮ್ಮ ಪಾಲಿಗೆ ಬಂದೇ ಬರುತ್ತವೆ.