ಬಿಗಿದ ಹ್ಯಾಂಡ್‌ಬ್ರೇಕ್

"ಗುರುಗಳೇ, ಒಮ್ಮೆ ಕಳೆದುಕೊಂಡ ಮೇಲೆ ಉಳಿದದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ತಪ್ಪೇ?" ಎಂದು ನೀಲಾಂಬಿಕೆ ಕೇಳಿದಳು. ಹಿರಿಯ ಮಗ ಅಪಘಾತದಲ್ಲಿ ತೀರಿಕೊಂಡಿದ್ದ. ಅಂದಿನಿಂದ ಆಕೆ ಕಿರಿಯವನೊಬ್ಬನನ್ನೇ ಎಲ್ಲಿಗೂ ಕಳಿಸುತ್ತಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಟ್ಯಾಕ್ಸಿ ಚಾಲಕನಿದ್ದ. ಅವನ ಮನೆ ಇಳಿಜಾರಿನ ರಸ್ತೆಯಲ್ಲಿತ್ತು. ಒಂದು ದಿನ ಹ್ಯಾಂಡ್‌ಬ್ರೇಕ್ ಎಳೆದು, ಮಗಳನ್ನು ಕಾರಿನಲ್ಲೇ ಬಿಟ್ಟು, ಏನೋ ತರಲು ಮನೆಯೊಳಗೆ ಹೋದ. ಹಿಂದಿನ ಚಕ್ರಗಳ ಬ್ರೇಕ್ ಸವೆದಿತ್ತು. ಕಾರು ಉರುಳಿ ಕೆಳಗಿನ ಗೋಡೆಗೆ ಬಡಿಯಿತು. ಮಗಳ ಕೈ ಮುರಿಯಿತು.

ಚಾಲಕ ತಾನೇ ಕೂತು ಚಕ್ರವನ್ನು ಒಳಗಿನಿಂದ ಒತ್ತಿ ಹಿಡಿಯುವ ಹೊಸ ಬ್ರೇಕ್ ಶೂ ಹಾಕಿದ. ಹ್ಯಾಂಡ್‌ಬ್ರೇಕಿನ ಲಿವರ್ ಎಳೆದು ನೋಡಿದ, ಸಡಿಲ ಅನ್ನಿಸಿತು. ಲಿವರಿನಿಂದ ಚಕ್ರಕ್ಕೆ ಹೋಗುವ ಕೇಬಲ್ ಬಿಗಿದ. ಕಾರು ಇಳಿಜಾರಿನಲ್ಲಿ ನಿಂತಿತು. ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಇನ್ನಷ್ಟು ಬಿಗಿದ.

ಕೈಯ ಪಟ್ಟಿ ಬಿಚ್ಚಿಸುವ ದಿನ ಮಗಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ದಾರಿಯಲ್ಲಿ ಸುಟ್ಟ ವಾಸನೆ ಬಂತು. ಹಿಂದಿನ ಚಕ್ರದಿಂದ ಹೊಗೆ ಎದ್ದಿತು. ಅವನು ಕಾರು ನಿಲ್ಲಿಸಿ, ಮಗಳನ್ನು ಎತ್ತಿಕೊಂಡು ಓಡಿದ.

ಹತ್ತಿರದ ಗ್ಯಾರೇಜಿನ ಮೇಸ್ತ್ರಿ ಬಂದು, ಚಕ್ರ ಆರಿದ ಮೇಲೆ ಜಾಕ್ ಏರಿಸಿ ನೋಡಿದ. ಲಿವರ್ ಪೂರ್ತಿ ಇಳಿದಿತ್ತು. ಆದರೂ ಚಕ್ರ ತಿರುಗಲಿಲ್ಲ.

"ಇಷ್ಟು ಯಾಕಪ್ಪ ಬಿಗಿದೆ?"

"ಅವತ್ತು ಕಾರು ಉರುಳಿದಾಗ ಮಗಳು ಒಳಗಿದ್ದಳಣ್ಣ."

ಮೇಸ್ತ್ರಿ ಮೊದಲು ಕೇಬಲ್ ಸಡಿಲಿಸಿದ. ಚಕ್ರದೊಳಗಿನ ಶೂಗಳನ್ನು, ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಸೋಕಿಯೂ ಸೋಕದ ಹಾಗೆ ಹೊಂದಿಸಿದ. ಕೇಬಲ್ಲನ್ನು ಕೊನೆಗೆ, ಬೇಕಾದಷ್ಟೇ ಎಳೆದ. ಈಗ ಲಿವರ್ ಎಳೆದರೆ ಚಕ್ರ ಹಿಡಿಯುತ್ತಿತ್ತು. ಇಳಿಸಿದರೆ ಸಲೀಸಾಗಿ ತಿರುಗುತ್ತಿತ್ತು.

"ಆ ಏರಿನಲ್ಲಿ ನಿಲ್ಲಿಸಿ ನೋಡು" ಎಂದ.

ಮಗಳೂ ಹತ್ತಿ ಹಿಂದೆ ಕೂತಳು. ಇಳಿ ಎಂದರೂ ಇಳಿಯಲಿಲ್ಲ. ಚಾಲಕ ಏರಿನಲ್ಲಿ ಕಾರು ನಿಲ್ಲಿಸಿ ಲಿವರ್ ಎಳೆದ. ಆದರೆ ಬ್ರೇಕ್ ಪೆಡಲಿನ ಮೇಲಿನ ಕಾಲು ಮೇಲೇಳಲಿಲ್ಲ.

"ಅಪ್ಪಾ, ನಾನು ಇಲ್ಲೇ ಇರ್ತೀನಿ. ಕಾಲು ತೆಗಿ" ಎಂದಳು ಮಗಳು.

ಅವನು ಕಾಲು ತೆಗೆದ. ಕಾರು ಅಲುಗಲಿಲ್ಲ. ಸ್ಟೀರಿಂಗಿಗೆ ಹಣೆಯಿಟ್ಟು ಅತ್ತ. ಆಮೇಲೆ ಲಿವರ್ ಇಳಿಸಿ ಆಸ್ಪತ್ರೆಯ ದಾರಿ ಹಿಡಿದ.

ಗುರುಗಳು ಕತೆ ಮುಗಿಸಿದರು. ನೀಲಾಂಬಿಕೆ ಕಣ್ಣೊರೆಸಿಕೊಂಡು, "ಆ ತಂದೆಯ ಭಯ ನನಗೆ ಗೊತ್ತು, ಗುರುಗಳೇ" ಎಂದಳು.

"ನಿನ್ನ ಮಗ ಏನು ಹೇಳುತ್ತಾನೆ ಎಂಬುದು ಗೊತ್ತೇ, ತಾಯಿ?"

ಅದನ್ನು ಅವನನ್ನೇ ಕೇಳಲು ಆಕೆ ಎದ್ದು ಮನೆಗೆ ಹೊರಟಳು.